ಗೋವೆಯ ನೆರಳಿನಲ್ಲಿ ಲೂಥರನ ಸಭೆ

ನಮ್ಮ ಕರಾವಳಿಯಲ್ಲಿ ‘ಕ್ರಿಸ್ತಾನರು’ ಎಂದೊಡನೆ ಜನರ ಕಣ್ಣಮುಂದೆ ಬಂದು ನಿಲ್ಲುವವರು ಮನೆಯಲ್ಲಿ ಕೊಂಕಣಿಯಾಡುವ, ಭಾನುವಾರ ಇಗರ್ಜಿಗೆ ಹೋಗುವ, ತಮ್ಮ ಹಿರಿಯರು ಗೋವೆಯಿಂದ ಬಂದವರೆಂದು ಹೇಳಿಕೊಳ್ಳುವ ರೋಮನ್ ಕೆಥೋಲಿಕರು. ಇದರಲ್ಲಿ ತಪ್ಪೇನೂ ಇಲ್ಲ. ಸಂಖ್ಯೆಯಲ್ಲಿ ಬಹುಪಾಲು ಅವರೇ. ಆದರೆ ಅದೇ ಹೆಸರಿನ ಅಡಿಯಲ್ಲಿ ಮತ್ತೊಂದು ಚಿಕ್ಕ ಸಮಾಜವೂ ಇದೆ. ಇವರ ಮನೆಮಾತು ಹೆಚ್ಚಾಗಿ ತುಳು. ಆರಾಧನೆ ಕನ್ನಡದಲ್ಲಿ ಅಥವಾ ತುಳುವಿನಲ್ಲಿ. ಇವರ ಸಭಾಪಾಲಕರು ಸಂಸಾರಸ್ಥರು. ಇವರ ದೇವಾಲಯದಲ್ಲಿ ಸಂತರ ಮೂರ್ತಿಗಳಿಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಉಪಾಧ್ಯಾಯರಾದ ನಾವು ಇಬ್ಬರ ಹೆಸರಿನ ಮುಂದೆಯೂ ಒಂದೇ ಶಬ್ದವನ್ನು ಬರೆದು ಮುಂದಕ್ಕೆ ಸಾಗುತ್ತೇವೆ. ಆ ಒಂದು ಶಬ್ದದೊಳಗೆ ಅಡಗಿರುವ ಎರಡು ಚರಿತ್ರೆಗಳು ಎಲ್ಲಿ ಬೇರೆಯಾದವು, ಎಲ್ಲಿ ಒಂದನ್ನೊಂದು ಮುಟ್ಟಿದವು ಎಂಬುದನ್ನು ವಿಚಾರಿಸುವ ಆಸೆ ನಮಗೆ ಬಹುಕಾಲದಿಂದ ಇತ್ತು.

ಕೆಥೋಲಿಕ ದೇಶದ ನಡುವೆ ಬಾಳಿದ ಲೂಥರನ ಪಂಥದ ಚಿಕ್ಕ ಸಭೆ ಎಂದರೆ ಓದುಗರಿಗೆ ಆಸ್ಟ್ರಿಯದಂಥ ಯೂರೋಪಿನ ದೇಶಗಳು ನೆನಪಾಗಬಹುದು. ನಮ್ಮ ಪಶ್ಚಿಮ ಸಮುದ್ರದ ದಡದಲ್ಲಿ ಅಂಥ ಕೆಥೋಲಿಕ ನಾಡು ಎಂದರೆ ಗೋವೆ. ಗೋವೆಯಲ್ಲಿ ಪೋರ್ಚುಗೀಸರು ಬಲವಾಗಿದ್ದ ಕಾಲದಲ್ಲಿ ಅಂಥ ಸಭೆ ಹುಟ್ಟುವಂತೆಯೇ ಇರಲಿಲ್ಲ. ಅದು ಹುಟ್ಟಿದ್ದು ಅಲ್ಲಿಂದ ಇನ್ನೂರು ಮೈಲಿ ತೆಂಕಣಕ್ಕೆ, ಗೋವೆಯಿಂದ ಬಂದ ಕೆಥೋಲಿಕರೇ ನೆಲೆಸಿದ್ದ ಮಂಗಳೂರಿನಲ್ಲಿ. ಆದ್ದರಿಂದ ಮೊದಲು ಗೋವೆಯ ಬಾಗಿಲು ಏಕೆ ಮುಚ್ಚಿತ್ತೆಂಬುದನ್ನು ನೋಡಿ, ಆಮೇಲೆ ಮಂಗಳೂರಿಗೆ ಬರುವುದು ಲೇಸು.

ಗೋವೆಯು ಅಲ್ಬುಕರ್ಕನ ವಶವಾದದ್ದು 1510ರ ನವೆಂಬರಿನಲ್ಲಿ. ಲೂಥರನು ವಿಟೆನ್‌ಬರ್ಗಿನಲ್ಲಿ ತನ್ನ 95 ಸೂತ್ರಗಳನ್ನು ಹೊರಗೆಡಹಿದ್ದು 1517ರ ಅಕ್ಟೋಬರ್ 31ರಂದು. ಹೀಗೆ ಗೋವೆಯ ಪೋರ್ಚುಗೀಸ್ ಆಳಿಕೆಯು ಲೂಥರನ ಪಂಥಕ್ಕಿಂತ ಏಳು ವರ್ಷ ಹಿರಿದು. 1534ರಲ್ಲಿ ಗೋವೆಗೆ ಬಿಷಪರ ಪೀಠ ಬಂತು. 1542ರಲ್ಲಿ ಫ್ರಾನ್ಸಿಸ್ ಸೇವಿಯರರು ಬಂದಿಳಿದರು. ಅತ್ತ ಜರ್ಮನಿಯಲ್ಲಿ ಬಡಿದಾಡಿ ದಣಿದ ಅರಸರು 1555ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಸೇರಿ, ದೊರೆಯ ಮತವೇ ಆಯಾ ನಾಡಿನ ಮತವೆಂದು ಒಪ್ಪಂದ ಮಾಡಿಕೊಂಡರು. ಪೋರ್ಚುಗಲ್ಲಿನ ದೊರೆಗೆ ಇಂಥ ಒಪ್ಪಂದ ಬೇಕಾಗಿರಲಿಲ್ಲ. ಅವನ ನಾಡಿನಲ್ಲಿ ಲೂಥರನ ಮತ ತಲೆಯೆತ್ತಿಯೇ ಇರಲಿಲ್ಲ. ಆದರೂ ಐದು ವರ್ಷಗಳ ತರುವಾಯ, 1560ರಲ್ಲಿ, ಇಂಕ್ವಿಸಿಶನ್ ಎಂಬ ಧರ್ಮವಿಚಾರಣಾಲಯವು ಗೋವೆಯಲ್ಲಿ ಸ್ಥಾಪಿತವಾಯಿತು. ನಡುವೆ 1774ರಿಂದ 1778ರವರೆಗೆ ನಿಂತದ್ದು ಬಿಟ್ಟರೆ 1812ರ ತನಕ ಅದು ನಡೆಯಿತು. ಅದರ ಕಣ್ಣು ಮುಖ್ಯವಾಗಿ ಬಿದ್ದದ್ದು ಹೊಸದಾಗಿ ಕ್ರೈಸ್ತರಾಗಿ ಹಳೆಯ ಆಚಾರಗಳನ್ನು ಬಿಡದವರ ಮೇಲೆ. ಪ್ರೊಟೆಸ್ಟಂಟರು ಅದರ ಕೈಗೆ ಸಿಕ್ಕಿದ್ದು ಕಡಿಮೆ, ಏಕೆಂದರೆ ಅಲ್ಲಿಗೆ ಬರುವವರೇ ಕಡಿಮೆ. ಬಂದವರಲ್ಲಿ ಇಂಗ್ಲೆಂಡಿನವನು, ಹಾಲೆಂಡಿನವನು ಎಂಬ ಭೇದವನ್ನೆಣಿಸದೆ ಎಲ್ಲರನ್ನೂ ‘ಲುತೆರಾನೊ’ ಎಂಬ ಒಂದೇ ಹೆಸರಿನಿಂದ ಕರೆಯುವುದು ಆ ವಿಚಾರಣಾಲಯಗಳ ವಾಡಿಕೆ. ನಮ್ಮ ಶಾಲೆಯ ದಾಖಲಾತಿ ಪುಸ್ತಕದ ಒಂದೇ ಶಬ್ದಕ್ಕೂ ಇದಕ್ಕೂ ದೂರದ ನಂಟಿರಬೇಕು!

ಇಲ್ಲಿ ಕನ್ನಡ ನಾಡಿಗೆ ಸಂಬಂಧಪಟ್ಟ ಒಂದು ಪ್ರಸಂಗವನ್ನು ಹೇಳದೆ ಮುಂದುವರಿಯಲಾರೆವು. 1583ರಲ್ಲಿ ಜಾನ್ ನ್ಯೂಬರಿ, ರಾಲ್ಫ್ ಫಿಚ್, ರತ್ನಪರೀಕ್ಷಕ ವಿಲಿಯಂ ಲೀಡ್ಸ್, ಚಿತ್ರಗಾರ ಜೇಮ್ಸ್ ಸ್ಟೋರಿ ಎಂಬ ನಾಲ್ವರು ಇಂಗ್ಲಿಷರು ಹೊರ್ಮುಜಿನಲ್ಲಿ ಸೆರೆಸಿಕ್ಕಿ ಗೋವೆಯ ಸೆರೆಮನೆಗೆ ಬಂದರು. ವ್ಯಾಪಾರದ ಮತ್ಸರ ಒಂದು, ಮತದ ಸಂಶಯ ಇನ್ನೊಂದು. ಇವರ ನೆರವಿಗೆ ನಿಂತವರು ಇಬ್ಬರು. ಒಬ್ಬರು ಥಾಮಸ್ ಸ್ಟೀಫನ್ಸ್ ಎಂಬ ಜೆಸ್ಯುಯಿಟ್ ಪಾದ್ರಿಗಳು. ಸ್ವತಃ ಇಂಗ್ಲಿಷರು, 1579ರಲ್ಲಿ ಗೋವೆಗೆ ಬಂದವರು. ಇನ್ನೊಬ್ಬನು ಆರ್ಚ್‌ಬಿಷಪರ ಪರಿವಾರದಲ್ಲಿ ಬರವಣಿಗೆಯ ಕೆಲಸಕ್ಕಿದ್ದ ಲಿನ್ಸ್‌ಖೋಟನ್ ಎಂಬ ಡಚ್ಚ ತರುಣ. ಜಾಮೀನಿನ ಮೇಲೆ ಬಿಡುಗಡೆಯಾದ ಮೇಲೆ ಸ್ಟೋರಿ ಗೋವೆಯಲ್ಲೇ ಮದುವೆಯಾಗಿ ಉಳಿದನು. ಮಿಕ್ಕ ಮೂವರು 1584ರ ಏಪ್ರಿಲಿನಲ್ಲಿ ಗಡಿ ದಾಟಿ ಓಡಿದರು. ಅವರು ಮೊದಲು ತಲುಪಿದ ಊರು ಬೆಳಗಾವಿ, ಆಮೇಲೆ ಆದಿಲಶಾಹಿಯ ಬಿಜಾಪುರ. ಬೆಳಗಾವಿಯ ವಜ್ರ ರತ್ನಗಳ ಸಂತೆಯನ್ನು ಫಿಚ್ ತನ್ನ ಬರವಣಿಗೆಯಲ್ಲಿ ನೆನೆದಿದ್ದಾನೆ. ಗೋವೆಯ ಕ್ರೈಸ್ತ ಆಳಿಕೆಗೆ ಹೆದರಿದ ಕ್ರೈಸ್ತರಿಗೆ ಕನ್ನಡ ನೆಲದ ಮುಸಲ್ಮಾನ ದೊರೆಯ ಸೀಮೆ ದಾರಿ ಕೊಟ್ಟಿತೆಂಬುದು ನಮ್ಮ ಪಾಠಪುಸ್ತಕಗಳಲ್ಲಿ ಬಾರದ ಸಂಗತಿ.

ಸ್ಟೀಫನ್ಸರ ವಿಷಯವನ್ನು ಒಂದು ಮಾತಿನಲ್ಲಿ ಮುಗಿಸಿದರೆ ಅನ್ಯಾಯವಾದೀತು. ಅದೇ ಕಾಲಕ್ಕೆ ಪ್ರೊಟೆಸ್ಟಂಟ್ ಇಂಗ್ಲೆಂಡಿನಲ್ಲಿ ಜೆಸ್ಯುಯಿಟ್ ಪಾದ್ರಿಗಳನ್ನು ಗಲ್ಲಿಗೇರಿಸುತ್ತಿದ್ದರು. 1581ರಲ್ಲಿ ಎಡ್ಮಂಡ್ ಕ್ಯಾಂಪಿಯನ್ನರಿಗೆ ಅದೇ ಗತಿಯಾಯಿತು. ಸ್ವದೇಶದಲ್ಲಿದ್ದರೆ ಸ್ಟೀಫನ್ಸರಿಗೂ ಪ್ರಾಣಭಯ. ಗೋವೆಯಲ್ಲಿ ತಮ್ಮ ಮತದವರಲ್ಲದ ದೇಶಬಾಂಧವರಿಗಾಗಿ ಅವರು ಮಾತಾಡಿದರು. ಇದೇ ಮಹನೀಯರು ಮರಾಠಿಯಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಓವಿಗಳ ‘ಕ್ರಿಸ್ತಪುರಾಣ’ವನ್ನು ಬರೆದು 1616ರಲ್ಲಿ ಅಚ್ಚು ಹಾಕಿಸಿದರು. ಕೊಂಕಣಿಗೆ ಅವರು ರಚಿಸಿದ ವ್ಯಾಕರಣವು ಅವರು ತೀರಿಕೊಂಡ ಮೇಲೆ, 1640ರಲ್ಲಿ, ರಾಚೋಲಿನಲ್ಲಿ ಅಚ್ಚಾಯಿತು. ಅದರ ಹೆಸರಿನಲ್ಲಿ ಕೊಂಕಣಿಯನ್ನು ‘ಕಾನಾರಿಂ’ ಭಾಷೆಯೆಂದು ಕರೆದಿದೆ. ಪೋರ್ಚುಗೀಸರ ಬಾಯಲ್ಲಿ ಕನ್ನಡ, ಕೊಂಕಣಗಳ ಗಡಿ ಅಳಿಸಿಹೋಗಿದ್ದುದಕ್ಕೆ ಇದೂ ಒಂದು ಸಾಕ್ಷಿ. ಗೋವೆಗೆ ಅಚ್ಚಿನ ಯಂತ್ರ ಬಂದದ್ದು 1556ರಲ್ಲಿ, ಇಡೀ ಭಾರತಕ್ಕೇ ಮೊದಲು. ಆದುದರಿಂದ ದೇಶಭಾಷೆಯನ್ನು ಕಲಿತು ಪುಸ್ತಕ ಮಾಡುವ ಕೆಲಸವನ್ನು ಲೂಥರನ ಕಡೆಯವರೇ ಹುಟ್ಟುಹಾಕಿದರೆಂದು ಯಾರಾದರೂ ಬರೆದರೆ ಅದು ಸರಿಯಲ್ಲ. ಗೋವೆಯು ಅದನ್ನು ಮೊದಲೇ ಹಿಡಿದಿತ್ತು; ಹಿಡಿದು ಬಿಟ್ಟಿತು. 1684ರಲ್ಲಿ ವೈಸರಾಯರು ಹೊರಡಿಸಿದ ಆಜ್ಞೆಯ ಮೇರೆಗೆ ಜನರು ಮೂರು ವರ್ಷಗಳೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಆಡಬೇಕಾಗಿತ್ತು. ಜನರೇನೋ ಬಿಡಲಿಲ್ಲ, ಆದರೆ ಸ್ಟೀಫನ್ಸರ ಪರಂಪರೆ ಒಣಗಿತು.

ಗೋವೆಯೊಳಗೆ ಪ್ರೊಟೆಸ್ಟಂಟರ ಹಳೆಯ ಕುರುಹು ಯಾವುದಾದರೂ ಉಳಿದಿದ್ದರೆ ಅದು ದೋನಾ ಪಾವುಲಾದ ಬಳಿ ಇರುವ ಬ್ರಿಟಿಷ್ ಸಮಾಧಿಭೂಮಿ. ಫ್ರೆಂಚರ ಭಯದಿಂದ 1799ರ ಬಳಿಕ ಹತ್ತು ಹನ್ನೆರಡು ವರ್ಷ ಇಂಗ್ಲಿಷರ ದಂಡು ಗೋವೆಯಲ್ಲಿ ಬೀಡುಬಿಟ್ಟಿತ್ತು. ಆಗ ಸತ್ತವರಿಗೆ ಮಣ್ಣಾದ ಜಾಗ ಅದು. ಪೋರ್ಚುಗಲ್ಲಿನಲ್ಲಿ 1910ರ ಕ್ರಾಂತಿಯ ಮೇಲೆ, 1911ರಲ್ಲಿ, ಸರಕಾರಕ್ಕೂ ಮತಕ್ಕೂ ಬೇರ್ಪಾಟಾಯಿತು. 1940ರಲ್ಲಿ ರೋಮಿನೊಡನೆ ಹೊಸ ಒಪ್ಪಂದದಿಂದ ಕೆಥೋಲಿಕ ಸಭೆಗೆ ಮತ್ತೆ ವಿಶೇಷ ಸ್ಥಾನ ದೊರೆಯಿತು. 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಯಾದ ಮೇಲೆ ಭಾರತದ ಸಂವಿಧಾನವೇ ಅಲ್ಲಿಗೂ ಅನ್ವಯವಾಯಿತು. ಗೋವೆಯ ಕಥೆ ಇಷ್ಟಕ್ಕೆ ನಿಲ್ಲಲಿ.

ಲೂಥರನ ಮತ ಭಾರತಕ್ಕೆ ಕಾಲಿಟ್ಟದ್ದು ಪೂರ್ವದ ಕಡಲಿನಿಂದ. 1706ರಲ್ಲಿ ಡೆನ್ಮಾರ್ಕಿನ ಅರಸನು ಕಳುಹಿಸಿದ ಝೀಗನ್‌ಬಾಲ್ಗ್ ಮತ್ತು ಪ್ಲುಚೌ ಎಂಬ ಇಬ್ಬರು ಜರ್ಮನರು ತರಂಗಂಬಾಡಿಯಲ್ಲಿ ಇಳಿದರು. ಅಲ್ಲಿ ಡೆನ್ಮಾರ್ಕಿನ ಕೋಟೆಯಿತ್ತು. ಆ ಕೋಟೆಯ ಆಸರೆಯಿಲ್ಲದೆ ಅವರು ನಿಲ್ಲುತ್ತಿರಲಿಲ್ಲ. ಪಶ್ಚಿಮ ತೀರಕ್ಕೆ ಅಂಥ ಆಸರೆ ಬರಲು ಇನ್ನೂ ನೂರಿಪ್ಪತ್ತೆಂಟು ವರ್ಷ ಹಿಡಿಯಿತು. 1799ರಲ್ಲಿ ಕನ್ನಡ ಜಿಲ್ಲೆ ಕಂಪನಿಯ ಕೈಸೇರಿತು. ಆದರೂ ಇಂಗ್ಲಿಷರಲ್ಲದ ಮಿಶನರಿಗಳಿಗೆ ಕಂಪನಿಯ ಸೀಮೆಯಲ್ಲಿ ನಿರಾತಂಕವಾದ ಎಡೆ ದೊರೆತದ್ದು 1833ರ ಸನದಿನ ಮೇಲೆ. ಬಾಸೆಲ್ ಪಟ್ಟಣದ ಮಿಶನ್ ಸಂಘವು ಒಡನೆಯೇ ಸಾಮುವೆಲ್ ಹೆಬಿಕ್, ಯೋಹಾನ್ ಲೇನರ್, ಕ್ರಿಸ್ಟಿಯನ್ ಗ್ರೈನರ್ ಎಂಬ ಮೂವರನ್ನು ಕಳುಹಿಸಿತು. ಅವರು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ತಿಂಗಳ ಕೊನೆಗೆ ಮಂಗಳೂರನ್ನು ಸೇರಿದರು.

ಅವರು ಬಂದ ವರ್ಷವನ್ನು ಸ್ವಲ್ಪ ಗಮನಿಸಬೇಕು. ಅದೇ 1834ರಲ್ಲಿ ಪೋರ್ಚುಗಲ್ಲಿನ ಸರಕಾರವು ತನ್ನ ದೇಶದ ಸನ್ಯಾಸಿ ಸಂಘಗಳನ್ನೆಲ್ಲ ಮುಚ್ಚಿಬಿಟ್ಟಿತು. ಮರುವರ್ಷ ಗೋವೆಯ ಮಠಗಳಿಗೂ ಅದೇ ಆಯಿತು. ಮಂಗಳೂರಿನ ಕೆಥೋಲಿಕರಿಗೆ ಪಾದ್ರಿಗಳು ಬರುತ್ತಿದ್ದುದು ಗೋವೆಯಿಂದ. ಆ ಸಮಾಜವಾದರೋ ಆಗ ತಾನೆ ಒಂದು ದೊಡ್ಡ ಕಷ್ಟದಿಂದ ಮೇಲೆದ್ದಿತ್ತು. ಗೋವೆಯಲ್ಲಿ ಯುದ್ಧ, ಬರ, ವಿಚಾರಣಾಲಯದ ಕಾಟ ಇವುಗಳಿಂದ ಪಾರಾಗಿ ಬಂದು, ಕೆಳದಿಯ ಅರಸರ ಆಶ್ರಯದಲ್ಲಿ ಒಕ್ಕಲುತನ ಮಾಡಿಕೊಂಡು, 1568ರ ರೊಜಾರಿಯೊ ಇಗರ್ಜಿ, 1680ರ ಮಿಲಾಗ್ರಿಸ್ ಇಗರ್ಜಿಗಳ ಸುತ್ತ ಬೆಳೆದ ಜನ ಅವರು. 1784ರಲ್ಲಿ ಟಿಪ್ಪು ಸುಲ್ತಾನನು ಅವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದನು. 1799ರಲ್ಲಿ ಬದುಕುಳಿದವರು ಮರಳಿದರು. ಮರಳಿ ಇಗರ್ಜಿ ಕಟ್ಟಿ ಉಸಿರು ಬಿಡುವಷ್ಟರಲ್ಲಿ ಗೋವೆಗೂ ರೋಮಿಗೂ ಜಗಳ ಬಂತು. 1838ರಲ್ಲಿ ಪೋಪರ ಆಜ್ಞೆಯಂತೆ ಮಂಗಳೂರು ವರಾಪುಳದ ಕೈಗೆ ಹೋಯಿತು. ಕೆಲವರು ಹೊಸ ಆಜ್ಞೆಗೆ ಬಾಗಿದರು, ಕೆಲವರು ಗೋವೆಯನ್ನೇ ಹಿಡಿದರು. ಇಂಥ ಒಡಕಿನ ಕಾಲದಲ್ಲಿ ಲೂಥರನ ಪಂಥದವರು ಊರಿಗೆ ಬಂದರೆ ಕೆಥೋಲಿಕರು ಗುಂಪುಗುಂಪಾಗಿ ಆ ಕಡೆ ಸರಿದಿರಬೇಕೆಂದು ಯಾರಾದರೂ ಎಣಿಸಬಹುದು. ಹಾಗಾಗಲಿಲ್ಲ. ಸೆರೆಯಲ್ಲಿಯೂ ಬಿಡದ ಮತವನ್ನು ಪಾದ್ರಿಗಳ ಜಗಳಕ್ಕಾಗಿ ಬಿಡುವ ಜನ ಅವರಾಗಿರಲಿಲ್ಲ.

ಈ ಹೊಸ ಸಭೆಯನ್ನು ಲೂಥರನದೆಂದು ಕರೆಯಬಹುದೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಕೇಳಿಯೇ ಕೇಳುತ್ತಾರೆ. ಬಾಸೆಲ್ ಸ್ವಿಸ್ ಸುಧಾರಕರ ಪಂಥದ ಪಟ್ಟಣ. 1815ರಲ್ಲಿ ಸ್ಥಾಪಿತವಾದ ಅಲ್ಲಿನ ಮಿಶನ್ ಸಂಘಕ್ಕೆ ಹಣ ಸ್ವಿಸ್ಸರಿಂದಲೂ ಬರುತ್ತಿತ್ತು. ಆದರೆ ಅಲ್ಲಿ ಕಲಿತು ಹೊರಟ ಮಿಶನರಿಗಳಲ್ಲಿ ಬಹುಮಂದಿ ವುರ್ಟೆಂಬರ್ಗಿನ ಹಳ್ಳಿಗಳ ಲೂಥರನ ಮತಸ್ಥರ ಮಕ್ಕಳು. ಹೆಬಿಕ್ಕರ ಹುಟ್ಟೂರು ನೆಲ್ಲಿಂಗೆನ್ ಉಲ್ಮ್ ನಗರದ ಬಳಿಯದು. ಆದುದರಿಂದ ಮಂಗಳೂರಿನ ಸಭೆ ಬೆರಕೆಯ ಸಭೆ. ಹಿರಿಯರ ಮಂಡಳಿ ಸಭೆಯನ್ನು ನಡೆಸುವ ಪದ್ಧತಿ ಸ್ವಿಸ್ ಕಡೆಯ ಗುಣ. ಆರಾಧನೆಯಲ್ಲಿ, ಹಾಡಿನಲ್ಲಿ, ಮಕ್ಕಳಿಗೆ ಧರ್ಮಪಾಠ ಕಲಿಸಿ ಸ್ಥಿರೀಕರಣ ಕೊಡುವ ಕ್ರಮದಲ್ಲಿ ವುರ್ಟೆಂಬರ್ಗಿನ ಲೂಥರನ ಮನೆಯ ವಾಸನೆ. ಎಲ್ಲಕ್ಕಿಂತ ಹೆಚ್ಚಾಗಿ, ಶಾಸ್ತ್ರವು ಕೇಳುವವನ ಮಾತಿನಲ್ಲಿಯೇ ಇರಬೇಕು, ಅದನ್ನು ಅವನು ತಾನೇ ಓದಬೇಕು ಎಂಬ ಹಠ ಲೂಥರನಿಂದ ಬಂದದ್ದು. ಈ ಹಠದಿಂದ ನಮ್ಮ ನಾಡಿಗೆ ಆದ ಪರಿಣಾಮವೇ ಈ ಚರಿತ್ರೆಯ ತಿರುಳೆಂದು ನಮ್ಮ ಅಭಿಪ್ರಾಯ.

ಏಕೆಂದರೆ, ಮಿಶನರಿಗಳು ಊರಿನ ಮಾತು ಯಾವುದೆಂದು ಕೇಳಿದಾಗ ಅವರಿಗೆ ದೊರೆತ ಉತ್ತರ ಒಂದಲ್ಲ. ಕಚೇರಿಯ ಮಾತು ಕನ್ನಡ. ಗದ್ದೆಯ ಮಾತು ತುಳು. ಪೇಟೆಯ ಮಾತಿನಲ್ಲಿ ಅರ್ಧ ಕೊಂಕಣಿ. ಅವರು ಶಾಲೆಗೆ ಕನ್ನಡವನ್ನು ಹಿಡಿದರು. ಗ್ರೈನರ್ ತುಳುವಿಗೆ ಕೈಹಾಕಿದರು. 1842ರಲ್ಲಿ ಮತ್ತಾಯನ ಸುವಾರ್ತೆ, 1847ರಲ್ಲಿ ಇಡೀ ಹೊಸ ಒಡಂಬಡಿಕೆ ತುಳುವಿನಲ್ಲಿ ಕಲ್ಲಚ್ಚಿನಿಂದ ಹೊರಬಂದವು. ತುಳುವನ್ನು ಯಾವ ಲಿಪಿಯಲ್ಲಿ ಬರೆಯಬೇಕೆಂಬ ಪ್ರಶ್ನೆಗೆ ಅವರು ಕನ್ನಡ ಲಿಪಿಯನ್ನು ಆರಿಸಿದರು. ಅಚ್ಚಿನ ತುಳು ಅಂದಿನಿಂದ ಬಹುಮಟ್ಟಿಗೆ ಕನ್ನಡ ಅಕ್ಷರಗಳಲ್ಲೇ ನಡೆದುಬಂದಿದೆ. ಬ್ರಿಗೆಲರ ತುಳು ವ್ಯಾಕರಣ 1872ರಲ್ಲಿ, ಮೆನ್ನರರ ತುಳು ನಿಘಂಟು 1886ರಲ್ಲಿ ಬಂದವು. ಭೂತಾರಾಧನೆಯನ್ನು ಬಿಡಿರೆಂದು ಬೋಧಿಸುತ್ತಿದ್ದ ಇದೇ ಮೆನ್ನರರು ಭೂತಗಳ ಪಾಡ್ದನಗಳನ್ನು ಬರೆಸಿಕೊಂಡು ಅಚ್ಚು ಹಾಕಿಸಿದರು. ಬೋಧನೆ ಎಷ್ಟರ ಮಟ್ಟಿಗೆ ಫಲಿಸಿತೋ ಬಲ್ಲವರು ಹೇಳಲಿ, ಪಾಡ್ದನಗಳಂತೂ ಉಳಿದವು.

ಕನ್ನಡಕ್ಕೆ ಸಂದ ಸೇವೆ ನಮ್ಮ ಓದುಗರಿಗೆ ತಿಳಿಯದ್ದಲ್ಲ. 1836ರಲ್ಲಿ ಬಂದ ಹೆರ್ಮನ್ ಮ್ಯೋಗ್ಲಿಂಗರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಅವರು 1848ರಿಂದ ಜೈಮಿನಿ ಭಾರತ ಮೊದಲಾದ ಹಳೆಯ ಕಾವ್ಯಗಳನ್ನು ಒಂದೊಂದಾಗಿ ಕಲ್ಲಚ್ಚಿನಲ್ಲಿ ತಂದರು. ವೈಷ್ಣವ, ವೀರಶೈವ ಗ್ರಂಥಗಳನ್ನು ಲೂಥರನ ಮತದ ಪಾದ್ರಿ ಅಚ್ಚು ಹಾಕಿಸುವುದು ಅವರ ಬೆಂಬಲಿಗರಲ್ಲಿ ಕೆಲವರಿಗೆ ಹಿಡಿಸದಿದ್ದರೆ ಆಶ್ಚರ್ಯವಿಲ್ಲ. 1853ರಲ್ಲಿ ಬಂದ ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಹೊರಬಂತು. ಗಡಿನಾಡಿನವರಾದ ನಾವು ಇಲ್ಲಿ ಇನ್ನೊಂದನ್ನು ಕೂಡಿಸುತ್ತೇವೆ: ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ ಪ್ರಕಟವಾದದ್ದೂ ಮಂಗಳೂರಿನ ಅದೇ ಸಂಸ್ಥೆಯಿಂದ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಗಡಿಯ ಎರಡು ದಡಗಳಲ್ಲಿ ಭಾಷೆಯ ಹೆಸರಿನಲ್ಲಿ ಎಷ್ಟು ವಾದವಾಗಿದೆ! ವಾದಿಸುವವರು ಶಬ್ದಾರ್ಥಕ್ಕಾಗಿ ತೆರೆಯುವ ಎರಡು ನಿಘಂಟುಗಳೂ ಒಂದೇ ಮನೆಯಲ್ಲಿ ಹುಟ್ಟಿದವು.

ಪುಸ್ತಕಗಳ ಈ ಮೆರುಗಿನಲ್ಲಿ ಸಭೆಯ ಜನರನ್ನು ಮರೆಯಬಾರದು. ನಮ್ಮಲ್ಲಿ ಬಾಸೆಲ್ ಮಿಶನ್ನಿನ ವಿಷಯ ಬರೆಯುವವರು ಮಿಶನರಿಗಳ ಹೆಸರುಗಳನ್ನು ಎಣಿಸಿ ನಿಲ್ಲಿಸಿಬಿಡುತ್ತಾರೆ. ಸಭೆಯ ಬಹುಭಾಗ ಬಂದದ್ದು ಬಿಲ್ಲವರಿಂದ. ತಾಳೆ, ತೆಂಗುಗಳಿಂದ ಕಳ್ಳು ಇಳಿಸುವುದು ಅವರಲ್ಲಿ ಅನೇಕರ ಕಸುಬು. ಸಭೆಗೆ ಸೇರಿದವನು ಅದನ್ನು ಬಿಡಬೇಕು. ಒಕ್ಕಲು ಭೂಮಿಯ ಧಣಿ ಮುನಿದರೆ ಗದ್ದೆಯೂ ಹೋಯಿತು. ಅಳಿಯಸಂತಾನದ ಕಟ್ಟಿನಲ್ಲಿ ಕುಟುಂಬದಿಂದ ಹೊರಬಿದ್ದವನಿಗೆ ಆಸ್ತಿಯ ಹಕ್ಕೂ ಸಂಶಯ. 1850ರಲ್ಲಿ ಮತಾಂತರದಿಂದ ಹಕ್ಕು ಹೋಗದಂತೆ ಕಾಯಿದೆ ಬಂದರೂ ಕಾಯಿದೆ ಕಾಗದದಲ್ಲಿ, ಮನೆ ಕಣ್ಣೆದುರಿನಲ್ಲಿ. ಹೀಗೆ ಕಸುಬು, ನೆಲ, ಕುಟುಂಬ ಮೂರನ್ನೂ ಕಳೆದುಕೊಂಡು ಬಂದವರಿಗೆ ಅನ್ನದ ದಾರಿ ತೋರಿಸುವ ಹೊಣೆ ಮಿಶನ್ನಿನ ಮೇಲೆ ಬಿತ್ತು. 1851ರಲ್ಲಿ ಹಾಲರರು ಬಂದು ನೇಯ್ಗೆಯನ್ನು ಬೆಳೆಸಿದರು. 1865ರಲ್ಲಿ ಪ್ಲೆಬ್ಸ್ಟರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅನ್ನ ಸಿಕ್ಕಿತು, ನಿಜ. ಆದರೆ ಅನ್ನ ಕೊಡುವವರೂ ಪ್ರಾರ್ಥನೆ ಕಲಿಸುವವರೂ ತಪ್ಪಿಗೆ ಶಿಸ್ತು ವಿಧಿಸುವವರೂ ಒಬ್ಬರೇ ಆದರೆ ಆ ಸಭೆಯ ಬೆನ್ನೆಲುಬು ಎಷ್ಟು ನೆಟ್ಟಗೆ ನಿಂತೀತು? ಈ ಪ್ರಶ್ನೆಯನ್ನು ಕೇಳದೆ ಆ ಕಾರ್ಖಾನೆಗಳನ್ನು ಬರಿದೆ ಹೊಗಳುವುದು ನಮಗೆ ಸರಿತೋರುವುದಿಲ್ಲ.

ಮೇಲಿನ ಜಾತಿಯಿಂದ ಬಂದವರು 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದ ಮೂವರು ತರುಣರು. ಊರಿಗೆ ಊರೇ ಕಲಕಿತು. ಅವರಲ್ಲಿ ಆನಂದರಾವ್ ಕೌಂಡಿನ್ಯರು ಸಾರಸ್ವತ ಬ್ರಾಹ್ಮಣ ಮನೆತನದವರು. ಸಾರಸ್ವತರ ಮೂಲವೂ ಗೋವೆಯೇ ಎಂಬುದು ಆ ಸಮಾಜದ ಪರಂಪರೆಯ ಮಾತು. ಗೋವೆಯಲ್ಲಿ ಮತಾಂತರಕ್ಕೆ ಒಪ್ಪದೆ ಊರುಬಿಟ್ಟವರ ಕಥೆಗಳನ್ನು ಹೇಳಿಕೊಳ್ಳುವ ಸಮಾಜದಿಂದ ಒಬ್ಬ ತರುಣನು ತಾನಾಗಿ ಹೋಗಿ ಕ್ರೈಸ್ತನಾದನೆಂದರೆ ಮನೆಯವರಿಗಾದ ದುಃಖವನ್ನು ನಾವು ಊಹಿಸಬಹುದು. ಪತ್ನಿ ಲಕ್ಷ್ಮಿ ಅವರ ಹಿಂದೆ ಹೋಗಲಿಲ್ಲ. ಹೆರ್ಮನ್ ಆನಂದರಾವ್ ಕೌಂಡಿನ್ಯರಾಗಿ ಅವರು 1846ರಲ್ಲಿ ಬಾಸೆಲಿಗೆ ಹೋಗಿ ಕಲಿತು, 1851ರಲ್ಲಿ ಪಾದ್ರಿಯಾಗಿ ಮರಳಿದರು, 1860ರಲ್ಲಿ ವುರ್ಟೆಂಬರ್ಗಿನ ಮಾರೀ ರೈನ್‌ಹಾರ್ಟರನ್ನು ಮದುವೆಯಾದರು, 1893ರಲ್ಲಿ ತೀರಿಕೊಂಡರು. ಅವರ ಬಾಳನ್ನು ಬರೆದವರಿಗೆ ಲಕ್ಷ್ಮಿಯ ಬಾಳಿನ ಬಗ್ಗೆ ಬರೆಯಲು ಒಂದೆರಡು ಸಾಲಿಗಿಂತ ಹೆಚ್ಚು ಸಿಕ್ಕಿಲ್ಲ.

ಇನ್ನು ಎರಡು ಸಮಾಜಗಳು ಒಂದನ್ನೊಂದು ಮುಟ್ಟಿದ ಬಗೆ. ಪುಸ್ತಕಗಳಲ್ಲಿ ಪರಸ್ಪರ ಬಿರುಮಾತುಗಳಿಗೆ ಕೊರತೆಯಿಲ್ಲ. ಬಾಸೆಲಿನವರು ಕೆಥೋಲಿಕರನ್ನು ವಿಗ್ರಹಾರಾಧಕರೆಂದರು. ಕೆಥೋಲಿಕರು ಇವರನ್ನು ಪಾಷಂಡಿಗಳೆಂದರು. ಆದರೆ ಪೇಟೆಯಲ್ಲಿ, ಶಾಲೆಯಲ್ಲಿ ಬೇರೆಯದೇ ನಡೆಯುತ್ತಿತ್ತು. ಹೊಸ ವಿದ್ಯೆಗೆ ಪ್ರೊಟೆಸ್ಟಂಟ್ ಶಾಲೆಯೊಂದೇ ಗತಿಯಾದೀತೆಂಬ ಚಿಂತೆ ಕೆಥೋಲಿಕ ಹಿರಿಯರನ್ನು ಕಾಡಿತು. ತಮಗೂ ಕಾಲೇಜು ಬೇಕೆಂದು ಅವರು ರೋಮಿಗೆ ಬೇಡಿಕೊಂಡರು. 1878ರ ಡಿಸೆಂಬರ್ 31ರಂದು ಜೆಸ್ಯುಯಿಟರು ಮಂಗಳೂರಿಗೆ ಬಂದರು, 1880ರ ಜನವರಿಯಲ್ಲಿ ಸೇಂಟ್ ಎಲೋಶಿಯಸ್ ಕಾಲೇಜು ಆರಂಭವಾಯಿತು. ಗೋವೆಯಲ್ಲಿ ಪೋರ್ಚುಗೀಸರಿಗೆ ಎದುರಾಳಿ ಸಭೆಯೇ ಇರಲಿಲ್ಲ. ಮಂಗಳೂರಿನ ಕೆಥೋಲಿಕರಿಗೆ ಅಂಥ ಒಂದು ಸಭೆ ಪಕ್ಕದ ಗುಡ್ಡದ ಮೇಲೆಯೇ ಇತ್ತು. ಈ ವ್ಯತ್ಯಾಸದ ಫಲವನ್ನು ಮಂಗಳೂರು ಇಂದಿಗೂ ಉಣ್ಣುತ್ತಿದೆ.

ಆ ಜೆಸ್ಯುಯಿಟರಲ್ಲಿ ಆಂಜೆಲೊ ಮಾಫೆಯಿ ಎಂಬ ಇಟಲಿಯ ಪಾದ್ರಿಗಳೊಬ್ಬರಿದ್ದರು. ಅವರು ಕೊಂಕಣಿಯನ್ನು ಕಲಿತು, 1882ರಲ್ಲಿ ಅದರ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಪ್ರಕಟಿಸಿದರು. ಅವು ಅಚ್ಚಾದದ್ದು ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ! ಈ ಸಂಗತಿಯನ್ನು ಮೊದಲು ಓದಿದಾಗ ನಾವು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಗೋವೆಯಲ್ಲಿ ಜೆಸ್ಯುಯಿಟ್ ಸ್ಟೀಫನ್ಸರ ವ್ಯಾಕರಣ ಅಚ್ಚಾಗಿ 242 ವರ್ಷಗಳಾಗಿದ್ದವು; ಗೋವೆಯ ಆಳಿಕೆ ಆ ಮಾತನ್ನು ನಿಷೇಧಿಸಿ 198 ವರ್ಷಗಳಾಗಿದ್ದವು. ಈಗ ಗೋವೆಯಿಂದ ಬಂದವರ ಮಾತಿಗೆ ಜೆಸ್ಯುಯಿಟರು ಬರೆದ ವ್ಯಾಕರಣದ ಮೊಳೆಗಳನ್ನು ಲೂಥರನ ಕಡೆಯವರ ಅಚ್ಚುಕೂಟದ ಆಳುಗಳು ಜೋಡಿಸುತ್ತಿದ್ದರು. ಮತದಲ್ಲಿ ಯಾರೂ ಕದಲಲಿಲ್ಲ. ಪುಸ್ತಕ ಮಾತ್ರ ಹೊರಬಂತು.

ಹೆಂಚಿನ ಕಥೆಯೂ ಇಂಥದೇ. ಪ್ಲೆಬ್ಸ್ಟರ ಹೆಂಚು ಜನಪ್ರಿಯವಾದೊಡನೆ ಮಂಗಳೂರಿನ ಕೆಥೋಲಿಕ ವರ್ತಕರೂ ನೇತ್ರಾವತಿಯ ದಡದಲ್ಲಿ ಕಾರ್ಖಾನೆಗಳನ್ನು ಹೂಡಿದರು. ಅವರಲ್ಲಿ ಮುಂದಾಳುಗಳಾದವರ ಮನೆತನದ ಹೆಸರು ಅಲ್ಬುಕರ್ಕ್. ಗೋವೆಯನ್ನು ಗೆದ್ದವನ ಹೆಸರೇ ಹೆಂಚಿನ ಮೇಲೆ ಬಂತೆಂದು ಬೇಕಾದವರು ನಗಬಹುದು. ಮಂಗಳೂರು ಹೆಂಚು ಹಡಗೇರಿ ಗೋವೆಗೂ ಹೋಯಿತು. ಅಲ್ಲಿನ ಮನೆಗಳಿಗೂ ಇಗರ್ಜಿಗಳಿಗೂ ಹೊದಿಕೆಯಾಯಿತು. ವಿದ್ಯಾರ್ಥಿಗಳನ್ನು ಹಳೆಯ ಮನೆ ನೋಡಲು ಕರೆದೊಯ್ಯುವ ಉಪಾಧ್ಯಾಯರಿಗೆ ಒಂದು ಸೂಚನೆ: ಬಾಸೆಲ್ ಮಿಶನ್ ಹೆಂಚಿನ ಮೇಲೆ ಒತ್ತಿರುವ 1865 ಎಂಬ ಅಂಕಿ ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಅದನ್ನು ನೋಡಿ ಮನೆಯ ವಯಸ್ಸು ಬರೆಯಿಸಬಾರದು.

1914ರಲ್ಲಿ ಮಹಾಯುದ್ಧ ಹತ್ತಿಕೊಂಡಿತು. ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನ್ ಪ್ರಜೆಗಳು. ಆಳುವ ಸರಕಾರಕ್ಕೆ ಶತ್ರುಗಳು. ಅವರನ್ನು ಸೆರೆಶಿಬಿರಗಳಿಗೆ ಕಳುಹಿಸಿ, ತರುವಾಯ ದೇಶ ಬಿಡಿಸಿದರು. ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಇಂಗ್ಲಿಷ್ ಸಂಸ್ಥೆಯ ಪಾಲಾದವು. ಎಂಬತ್ತು ವರ್ಷ ದೊರೆಯ ಆಸರೆಯಲ್ಲಿ ಬೆಳೆದ ಸಭೆಗೆ ದೊರೆಯ ಆಸರೆ ಎಂದರೇನೆಂಬುದು ಆಗ ತಿಳಿಯಿತು. ಅದುವರೆಗೆ ಎರಡನೆಯ ಸಾಲಿನಲ್ಲಿದ್ದ ನಮ್ಮ ದೇಶದ ಸಭಾಪಾಲಕರೂ ಹಿರಿಯರೂ ಉಪಾಧ್ಯಾಯರೂ ಸಭೆಯನ್ನು ತಾವೇ ಹೊತ್ತುಕೊಳ್ಳಬೇಕಾಯಿತು, ಹೊತ್ತುಕೊಂಡರು. ಮಿಶನ್ ಶಾಲೆಗಳು ನಿಲ್ಲದೆ ನಡೆದದ್ದು ಮುಖ್ಯವಾಗಿ ಈ ಉಪಾಧ್ಯಾಯರಿಂದ. ಅವರ ಹೆಸರುಗಳು ಯಾವ ನಿಘಂಟಿನ ಮುಖಪುಟದಲ್ಲಿಯೂ ಇಲ್ಲ.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪಿತವಾಯಿತು. ಬಾಸೆಲ್ ಮಿಶನ್ನಿನ ಸಭೆಗಳು ಕಾಲಕ್ರಮದಲ್ಲಿ ಅದರೊಳಗೆ ಕೂಡಿಕೊಂಡವು. ಇದರಿಂದ ಬಿಷಪರಿಲ್ಲದ ಸಭೆಗೆ ಬಿಷಪರು ಬಂದರು. ಲೂಥರನ ಹೆಸರನ್ನು ಉಳಿಸಿಕೊಂಡ ತಮಿಳು, ತೆಲುಗು, ಛೋಟಾನಾಗಪುರಗಳ ಸಭೆಗಳು ಇಂದಿಗೂ ಬೇರೆಯಾಗಿಯೇ ಇವೆ. ನಮ್ಮವರು ಹೆಸರನ್ನು ಹಿಡಿಯಲಿಲ್ಲ. ಬಲ್ಮಠದ ಗುಡ್ಡದ ಮೇಲೆ 1862ರಲ್ಲಿ ಕಟ್ಟಿದ ದೇವಾಲಯ ಇಂದು ಶಾಂತಿ ಕೆಥೆಡ್ರಲ್. ಅದರ ಪಕ್ಕದ ಧರ್ಮಶಾಸ್ತ್ರ ಕಾಲೇಜಿನಲ್ಲಿ ಹಳೆಯ ಕಲ್ಲಚ್ಚಿನ ಪುಸ್ತಕಗಳನ್ನು ಕಾಪಾಡಿದ್ದಾರೆ. ಸಂಶೋಧನೆಯ ಹಂಬಲವಿರುವವರು ಅಲ್ಲಿಗೆ ಹೋಗಬೇಕು.

1962ರಿಂದ 1965ರವರೆಗೆ ರೋಮಿನಲ್ಲಿ ಸೇರಿದ ಎರಡನೆಯ ವೆಟಿಕನ್ ಮಹಾಸಭೆಯು ಆರಾಧನೆಯಲ್ಲಿ ಜನರ ಮಾತಿಗೆ ಎಡೆಕೊಟ್ಟಿತು. ಅಲ್ಲಿಯವರೆಗೆ ಲ್ಯಾಟಿನ್ ಕೇಳುತ್ತಿದ್ದ ಕರಾವಳಿಯ ಇಗರ್ಜಿಗಳಲ್ಲಿ ಈಗ ಕೊಂಕಣಿಯೂ ಕನ್ನಡವೂ ಕೇಳುತ್ತವೆ. ಗೋವೆಯ ಇಗರ್ಜಿಗಳಲ್ಲಿ ಅದೇ ಕೊಂಕಣಿಯ ಪ್ರಾರ್ಥನೆಯನ್ನು ರೋಮನ್ ಲಿಪಿಯಲ್ಲಿ ಓದುತ್ತಾರೆ. ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ. ಗೋವೆಯಿಂದ ಬಂದ ನೆಂಟರು ಮಂಗಳೂರಿನ ಇಗರ್ಜಿಯಲ್ಲಿ ಕುಳಿತಾಗ ಹಾಡನ್ನು ಬಾಯಲ್ಲಿ ಕೂಡಿ ಹೇಳುತ್ತಾರೆ, ಕೈಯಲ್ಲಿ ಕೊಟ್ಟ ಪುಸ್ತಕವನ್ನು ಮಾತ್ರ ಓದಲಾರರು. ಪಕ್ಕದ ಬೆಂಚಿನ ಮಗು, ನಮ್ಮ ಶಾಲೆಯಲ್ಲಿ ಕನ್ನಡ ಅಕ್ಷರ ಕಲಿತದ್ದು, ಬೆರಳಿಟ್ಟು ಸಾಲನ್ನು ತೋರಿಸುತ್ತದೆ.